‘ಏನಾದ್ರೂ’ ಎಂಬ ತಿಂಡಿ

ಆ ಊರಿನ ಹೋಟೆಲುಗಳಲ್ಲಿ ಯಾರೂ ತಮಗೆ ಬೇಕಾದ ತಿಂಡಿಯನ್ನು ತಾವೇ ಹೇಳಿಕೊಳ್ಳುವಂತಿಲ್ಲ. ಹೇಳಿಕೊಂಡರೆ ತಟ್ಟೆಯೇನೋ ಬರುತ್ತದೆ, ಹಬೆಯೂ ಆಡುತ್ತಿರುತ್ತದೆ, ಆದರೆ ನಾಲಿಗೆಗೆ ಉಪ್ಪು ತಾಗುವುದಿಲ್ಲ. ಮೇಲಿಂದ ಹಿಡಿ ಉಪ್ಪು ಸುರಿದುಕೊಂಡರೂ ಅಷ್ಟೆ, ಮರಳು ಸುರಿದುಕೊಂಡ ಹಾಗೆ. ನಿಮಗೆ ಇನ್ನೊಬ್ಬರು ಹೇಳಬೇಕು. ಅವರು ನಿಮ್ಮನ್ನು ಕೇಳಿಕೊಂಡು ಹೇಳಿದರೂ ಆಗದು, ಅದು ನೀವೇ ಹೇಳಿದಂತಾಗುತ್ತದೆ. ಅವರಿಗೆ ತಿಳಿದಿರಬೇಕು, ಇಲ್ಲವೇ ಊಹಿಸಿ ಹೇಳಬೇಕು. ಮನೆ ಅಡುಗೆಗೆ ಈ ಕಟ್ಟು ಇಲ್ಲ. ಹೋಟೆಲು, ಬೇಕರಿಯ ಹೊಸಿಲು ದಾಟಿದರೆ ಮಾತ್ರ.

ಇದನ್ನು ನಾನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿಯಲಿ ಎಂದು ಕಾದರೆ ನಡೆದದ್ದೆಲ್ಲ ಮೆತ್ತಗಾಗಿ, ಯಾರದೂ ತಪ್ಪಿಲ್ಲ ಎನ್ನುವ ಹಾಗೆ ಕಾಣತೊಡಗುತ್ತದೆ. ಹಾಗೆ ಕಾಣುವುದು ನನಗೆ ಬೇಡ.

ನಾವು ನಾಲ್ವರು. ಇತಿಹಾಸದ ಎಂ.ಎ. ಓದುವಾಗ ಒಂದೇ ಬೆಂಚಿನಲ್ಲಿ ಕೂತವರು. ಆಮೇಲೆ ಬೇರೆ ಬೇರೆ ಊರು ಸೇರಿದರೂ ವರ್ಷಕ್ಕೊಮ್ಮೆ ಎಲ್ಲಾದರೂ ಒಟ್ಟಿಗೆ ಹೋಗಿ ಬರುವುದನ್ನು ಹನ್ನೊಂದು ವರ್ಷದಿಂದ ತಪ್ಪಿಸಿಲ್ಲ. ಚಂದ್ರಮೌಳಿ ಕಾಲೇಜು ಮೇಷ್ಟ್ರು, ದೊಡ್ಡ ಗಂಟಲು. ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಏಳಬೇಕು, ಎಲ್ಲಿ ತಿನ್ನಬೇಕು, ಎಲ್ಲ ಅವನದೇ ತೀರ್ಮಾನ. ಫಣಿರಾಜನಿಗೆ ಪತ್ರಾಗಾರದಲ್ಲಿ ಕೆಲಸ. ತಟ್ಟೆ ಮುಂದೆ ಬಂತೆಂದರೆ ಅದು ಖಾಲಿಯಾಗುವ ತನಕ ತಲೆ ಎತ್ತುವವನಲ್ಲ. ಯಶೋಧರೆ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಾಳೆ, ಎದುರಿಗೆ ಕೂತವರ ಮಾತನ್ನೂ ತಿದ್ದುತ್ತಾಳೆ. ನಾಲ್ಕನೆಯವನು ನಾನು, ಇಂದುಧರ. ಅವರ ಬಾಯಲ್ಲಿ ‘ಮುನಿ’. ಮಾತು ಕಮ್ಮಿ ಎಂದು ಮೌಳಿ ಇಟ್ಟ ಹೆಸರು.

ಆ ಹೆಸರು ನನಗೆ ಒಳಗೊಳಗೇ ಹಿತವಾಗಿತ್ತು ಎಂದು ಒಪ್ಪಿಕೊಳ್ಳಬೇಕು. ಮಾತಾಡುವವರನ್ನು ಕೇಳಿಸಿಕೊಂಡರೆ ಸಾಕು, ಸುಮ್ಮನಿರುವವನನ್ನು ನೋಡಬೇಕಾಗುತ್ತದೆ ಎಂದು ನಂಬಿದ್ದವನು ನಾನು. ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಸಾಕಷ್ಟು ನೋಡಿರುತ್ತಾರೆ ಎಂದೂ ನಂಬಿದ್ದೆ. ನಾನಂತೂ ಅವರನ್ನು ನೋಡಿದ್ದೆ.

ಶಾಸನವೊಂದನ್ನು ಹುಡುಕಿಕೊಂಡು ಹೊರಟಿದ್ದ ನಾವು ದಾರಿ ತಪ್ಪಿ ಆ ಊರು ಸೇರಿದ್ದು ಒಂದು ಸಂಜೆ. ಮರುದಿನ ಬೆಳಿಗ್ಗೆ ವಸತಿಗೃಹದ ಎದುರಿನ ಹೋಟೆಲಿಗೆ ಹೋದೆವು. ಗಲ್ಲಾದ ಮೇಲಿನ ಬೋರ್ಡು ನೋಡಿ ಮೌಳಿ ಗಟ್ಟಿಯಾಗಿ ಓದಿದ: “ತಮಗೆ ತಾವೇ ಹೇಳಿಕೊಂಡವರ ರುಚಿಗೆ ನಾವು ಜವಾಬ್ದಾರರಲ್ಲ.” ಸಪ್ಲೈಯರ್ ಸಿದ್ರಾಮಣ್ಣ, ಐವತ್ತು ದಾಟಿದ ಗಟ್ಟಿಮುಟ್ಟಾದ ಮನುಷ್ಯ, ಹೆಗಲ ಮೇಲಿನ ವಸ್ತ್ರದಿಂದ ಮೇಜು ಒರೆಸುತ್ತಲೇ ಊರಿನ ಪದ್ಧತಿಯನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ. ದಿನಕ್ಕೆ ಹತ್ತು ಸಲ ಹೇಳಿ ಅವನಿಗೆ ಬೇಸರ ಬಂದಿತ್ತು. ಮೌಳಿ ನಂಬಲಿಲ್ಲ. “ನಂಗೆ ಒಂದು ಪ್ಲೇಟ್ ಮೆಣಸಿನಕಾಯಿ ಬಜ್ಜಿ” ಎಂದು ಎದೆ ತಟ್ಟಿಕೊಂಡು ಹೇಳಿ ತರಿಸಿ, ಒಂದು ತುಂಡು ಕಚ್ಚಿ, ಕರವಸ್ತ್ರಕ್ಕೆ ಉಗಿದ. “ಹತ್ತಿ ತಿಂದಂಗಾಯ್ತು ಕಣ್ರೋ!” ಪಕ್ಕದ ಮೇಜಿನವರು ನಗಲಿಲ್ಲ. ಹೊಸಬರು ಎಲ್ಲರೂ ಮೊದಲ ದಿನ ಮಾಡುವುದು ಅದನ್ನೇ.

ಸರಿ, ಒಬ್ಬರಿಗೊಬ್ಬರು ಹೇಳುವುದೆಂದಾಯಿತು. ಆಟ ಸಿಕ್ಕಿದ ಹುರುಪು ಎಲ್ಲರಿಗೂ. ಯಶೋಧರೆ ಮೌಳಿಯ ಕಡೆ ಬೆರಳು ಮಾಡಿ, “ಇವನಿಗೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ, ಖಾರ ಮುಂದಾಗಿರ್ಲಿ” ಎಂದಳು. “ಹೊಟ್ಟೆ ಹುಣ್ಣಾಗಿ ಹೋದ ವರ್ಷ ಆಸ್ಪತ್ರೆ ಸೇರಿದ್ಯಲ್ಲೋ?” ಎಂದು ಫಣಿ ಕೇಳಿದ್ದಕ್ಕೆ ಮೌಳಿ, “ಡಾಕ್ಟ್ರು ಪಥ್ಯ ಹೇಳಿದ್ದು ಆರು ತಿಂಗಳಿಗೆ. ಮುಗೀತು” ಎಂದ. ಫಣಿ ಯಶೋಧರೆಗೆ ಮಸಾಲೆ ದೋಸೆ ಹೇಳಿದ. ಯಶೋಧರೆ ಫಣಿಗೆ ನಾಲ್ಕು ಇಡ್ಲಿ ಹೇಳಿದಳು. ಎಲ್ಲ ಸರಾಗ. ಆಮೇಲೆ ಸಿದ್ರಾಮಣ್ಣ ನನ್ನ ಕಡೆ ತಿರುಗಿ, “ಇವರಿಗೆ ಯಾರು ಹೇಳ್ತೀರಿ?” ಎಂದ.

ಅಡುಗೆಮನೆಯಿಂದ ಉಪ್ಪಿಟ್ಟಿನ ವಾಸನೆ ಬರುತ್ತಿತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ: ಈ ಲೋಕದಲ್ಲಿ ನನಗೆ ಉಪ್ಪಿಟ್ಟಿಗಿಂತ ಮಿಗಿಲಾದ ತಿಂಡಿ ಇಲ್ಲ. ಅದರಲ್ಲೂ ಬಾಣಲೆಯ ತಳಕ್ಕೆ ಹತ್ತಿದ ಕೆಂಪು ಪದರ. ಚಿಕ್ಕವರಿದ್ದಾಗ ಅದನ್ನು ಕೆರೆಯುವುದಕ್ಕೆ ನನಗೂ ನನ್ನ ಅಕ್ಕನಿಗೂ ಜುಟ್ಟು ಹಿಡಿದು ಜಗಳವಾಗುತ್ತಿತ್ತು. ಎಂ.ಎ. ಸೇರಿದ ಮೊದಲ ವಾರ ಕ್ಯಾಂಟೀನಿನಲ್ಲಿ ಮಂಗಳವಾರದ ಉಪ್ಪಿಟ್ಟು ಬಂದಾಗ ಮೌಳಿ ಒಂದು ಉಂಡೆ ಎತ್ತಿ ಬೆಂಚಿಗೆ ಕುಟ್ಟಿ, “ಕಾಂಕ್ರೀಟು! ಈ ಕಟ್ಟಡ ನಿಂತಿರೋದೇ ಇದರ ಮೇಲೆ” ಎಂದಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಬಾಯಲ್ಲಿ ನೀರೂರುತ್ತಿತ್ತು, ನಕ್ಕೆ. ಅಂದಿನಿಂದ ಮಂಗಳವಾರ ಬಂತೆಂದರೆ ನಾವು ನಾಲ್ವರೂ ಕೂಡಿ ಉಪ್ಪಿಟ್ಟನ್ನು ಬೈಯುವುದು, ಎದ್ದು ಹೊರಗೆ ಹೋಗಿ ಇನ್ನೇನಾದರೂ ತಿನ್ನುವುದು ರೂಢಿಯಾಯಿತು. ಆದರೆ ಗಮನವಿಟ್ಟು ನೋಡುವವನಿಗೆ ತಿಳಿಯಬೇಕಿತ್ತು. ಏಳುವಾಗ ನಾನು ಯಾವಾಗಲೂ ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದೆ.

“ಮುನಿಗಾ?” ಮೌಳಿ ನನ್ನ ಬೆನ್ನು ತಟ್ಟಿದ. “ಅವನಿಗೆ ಏನಾದ್ರೂ ಕೊಡ್ರೀ. ಅವನದು ಯಾವ ತಕರಾರೂ ಇಲ್ಲ.”

ಸಿದ್ರಾಮಣ್ಣ ಮೇಜು ಒರೆಸುವುದನ್ನು ನಿಲ್ಲಿಸಿದ. “ಏನಾದ್ರೂನs ಹೇಳ್ಲ್ಯಾ?”

“ಹೂಂ ರೀ. ಏನಾದ್ರೂ.”

ಅವನು ಒಳಕ್ಕೆ ಮುಖ ಮಾಡಿ ಕೂಗಿದ: “ಒಂದ್ ಏನಾದ್ರೂ!” ಒಳಗೆ ಸೌಟಿನ ಸದ್ದು ನಿಂತಿತು. ಹೋಟೆಲೂ ಒಂದು ಕ್ಷಣ ಸದ್ದಡಗಿತು. ಮೌನ ನನಗೆ ಪರಿಚಯದ ವಸ್ತು. ಅದರ ಬಗೆಗಳನ್ನು ಗುರುತಿಸಬಲ್ಲೆ. ಇದು ಸಾವಿನ ಮನೆ ಮುಂದೆ ಹಾದುಹೋಗುವವರ ಮೌನ.

ಆ ಊರಿನಲ್ಲಿ ‘ಏನಾದ್ರೂ’ ಎಂಬುದು ಒಂದು ತಿಂಡಿಯ ಹೆಸರು ಎಂದು ನಮಗೆ ಯಾರೂ ಹೇಳಿರಲಿಲ್ಲ. ಬಂದದ್ದು ಅಂಚು ಜಜ್ಜಿದ ಅಲ್ಯುಮಿನಿಯಂ ತಟ್ಟೆ. ಅದರಲ್ಲಿ ಮುರಿದ ಅರ್ಧ ವಡೆ, ಎತ್ತುವಾಗ ಹರಿದ ದೋಸೆಯ ಚೂರು, ಪಾತ್ರೆಯ ತಳದಲ್ಲಿ ಉಳಿದ ಚಿತ್ರಾನ್ನ, ನಿನ್ನೆಯದೋ ಮೊನ್ನೆಯದೋ ಪಲ್ಯ, ಎಲ್ಲ ತಣ್ಣಗೆ, ಒಂದರ ಮೇಲೊಂದು. ರುಚಿ ಇರಲಿಲ್ಲ ಎನ್ನಲಾರೆ. ಇತ್ತು. ಇನ್ನೊಬ್ಬರು ಹೇಳಿದ್ದಲ್ಲವೇ, ಇರಲೇಬೇಕು. ಯಾರಿಗೂ ಬೇಡವಾದ ಒಂದೊಂದರ ರುಚಿಯೂ ನಾಲಿಗೆಗೆ ಬೇರೆ ಬೇರೆಯಾಗಿ, ಸ್ಪಷ್ಟವಾಗಿ ತಾಗಿತು. ಉಪ್ಪಿಲ್ಲದಿದ್ದರೆ ಎಷ್ಟೋ ವಾಸಿಯಿತ್ತು.

ಹಿಂದಿನ ಮೇಜಿನಲ್ಲಿ ಒಬ್ಬ ಮುದುಕ ತನ್ನ ಜೊತೆಗಾರನಿಗೆ, “ಪಾಪ, ಯಾರೂ ಇಲ್ಲಂತ ಕಾಣಸ್ತೈತಿ” ಎಂದ.

“ಯಾಕ, ಮೂರು ಮಂದಿ ಜೊತಿಗೆ ಕೂತಾರಲ್ಲ?”

“ಅದಕ್ಕs ಪಾಪ ಅಂದಿದ್ದು.”

ಇದು ಮೌಳಿಗೂ ಕೇಳಿಸಿತು. “ಲೋ ಮುನಿ, ಬೇಜಾರಾಯ್ತೇನೋ?” ಎಂದ. ನಾನು “ಇಲ್ಲ” ಎಂದೆ. ಅವನು ಬಜ್ಜಿಗೆ ಕೈ ಹಾಕಿದ. ಒಬ್ಬ ಮನುಷ್ಯನ ‘ಇಲ್ಲ’ವನ್ನು ಅಷ್ಟು ಬೇಗ ಹೇಗೆ ನಂಬುತ್ತಾರೆ? ಅದೂ ಜಜ್ಜಿದ ತಟ್ಟೆಯ ಮುಂದೆ ಕೂತವನ ‘ಇಲ್ಲ’ವನ್ನು?

ಮಧ್ಯಾಹ್ನದ ಊಟಕ್ಕೆ ಹೋದಾಗ ಅವರು ತಪ್ಪು ತಿದ್ದಿಕೊಳ್ಳಲು ಹೊರಟರು. ಅದು ಇನ್ನೂ ಕೆಟ್ಟದಾಯಿತು. ಯಶೋಧರೆ ಬಲು ಭರವಸೆಯಿಂದ, “ಇವನಿಗೆ ಹೋಳಿಗೆ. ನಮ್ಮನೇಲಿ ನಾಲ್ಕು ತಿಂದಿದ್ದ” ಎಂದಳು. ನಾಲ್ಕು ತಿಂದದ್ದು ನಿಜ. ಅವಳ ತಾಯಿ ಬೇಡವೆಂದರೂ ಬಿಡದೆ ಬಡಿಸಿದ್ದರು, ಎರಡು ದಿನ ನನಗೆ ಎದೆ ಉರಿದಿತ್ತು. ಸಂಜೆ ಫಣಿ, ತಟ್ಟೆಯಿಂದ ತಲೆ ಎತ್ತದೆಯೇ, ನನಗೆ ತಟ್ಟೆ ಇಡ್ಲಿ ಹೇಳಿದ. ಅದು ಅವನಿಗೆ ಇಷ್ಟವಾದದ್ದು. ನಾನು ತಿಂದೆ. ಪ್ರತಿ ಸಲವೂ ಮೂವರೂ ಒಂದು ಕ್ಷಣ ನನ್ನ ಮುಖ ನೋಡಿ, ಅಲ್ಲಿ ಏನೂ ಕಾಣದೆ, ಮಾತಿಗೆ ಮರಳುತ್ತಿದ್ದರು.

ತಿನ್ನಲು ಮನಸ್ಸಿಲ್ಲದವನಿಗೆ ಸುತ್ತ ನೋಡಲು ಬಿಡುವು ಸಿಗುತ್ತದೆ. ಆ ಊರಿನ ಜನ ಈ ಕಟ್ಟಿಗೆ ಹೇಗೆ ಒಗ್ಗಿದ್ದರು ಎಂದರೆ ಅದು ಇದೆ ಎಂಬುದೇ ಮರೆತುಹೋಗಿತ್ತು. ಹೆಣ್ಣು ನೋಡುವ ಶಾಸ್ತ್ರ ಅಲ್ಲಿ ಹೋಟೆಲಿನಲ್ಲಿ. ಹುಡುಗಿ ಹುಡುಗನಿಗೆ ಹೇಳುತ್ತಾಳೆ, ಹುಡುಗ ಹುಡುಗಿಗೆ. ಹಿರಿಯರು ಗೋಡೆ ನೋಡುತ್ತ ಕೂರುತ್ತಾರೆ. ಮೂಲೆಯ ಮೇಜಿನಲ್ಲಿ ದಿನವೂ ಎಂಟು ಗಂಟೆಗೆ ಬರುವ ವಕೀಲರ ಹೆಂಡತಿ ತೀರಿಕೊಂಡಿದ್ದಾಳೆ. ಪರವೂರಿನಿಂದ ಮಗಳು ಗಲ್ಲಾದ ಫೋನಿಗೆ ಕರೆ ಮಾಡಿ, “ಅಪ್ಪಾಗ ಎರಡು ಇಡ್ಲಿ, ಚಟ್ನಿ ನೀರಾಗಿರಲಿ” ಎಂದು ಹೇಳಿ ಇಡುತ್ತಾಳೆ. ಬೇರೆ ಮಾತಿಲ್ಲ. ಜಮೀನಿನ ಸಲುವಾಗಿ ಹದಿನಾಲ್ಕು ವರ್ಷದಿಂದ ಕೋರ್ಟಿಗೆ ಅಲೆಯುತ್ತಿರುವ ಅಣ್ಣ ತಮ್ಮ ಇಬ್ಬರು ಬೆನ್ನಿಗೆ ಬೆನ್ನು ಹಾಕಿ ಕೂರುತ್ತಾರೆ. ಅಣ್ಣ ಗೋಡೆಗೆ ಹೇಳುತ್ತಾನೆ, “ಆ ಕಳ್ಳಗ ಸುಸಲಾ, ಉಳ್ಳಾಗಡ್ಡಿ ಹಸೀದು.” ತಮ್ಮ ಬಾಗಿಲಿಗೆ ಹೇಳುತ್ತಾನೆ, “ಆ ಲಫಂಗಗ ಪೂರಿ, ಉಬ್ಬಿದ್ದನ್ನs ಕೊಡ್ರಿ, ಚಪ್ಪಟ್ಯಾದ್ರ ತಿನ್ನೂದಿಲ್ಲ.” ಸುಸಲಾ ಎಂದರೆ ನಮ್ಮ ಮಂಡಕ್ಕಿ ಒಗ್ಗರಣೆಯೇ. ಬೇರೆ ಯಾರು ಹೇಳಿದರೂ ಅವರಿಗೆ ರುಚಿಸುವುದಿಲ್ಲವಂತೆ. ಹಗೆಗಳಿಗೆ ಗೊತ್ತಿತ್ತು. ನನ್ನ ಸ್ನೇಹಿತರಿಗೆ ಗೊತ್ತಿರಲಿಲ್ಲ. ನನ್ನ ಸಿಟ್ಟು ಹುಳಿ ಬಂದ ಹಿಟ್ಟಿನ ಹಾಗೆ ಪಾತ್ರೆಯ ಅಂಚಿಗೆ ಏರಿದ್ದು ಅಲ್ಲಿ.

ಅದು ಉಕ್ಕಿದ್ದು ಎರಡನೆಯ ಬೆಳಿಗ್ಗೆ. ಮೌಳಿ ಬಹಳ ಯೋಚಿಸಿದವನಂತೆ ಹಣೆ ತಟ್ಟಿಕೊಂಡು, “ನಿಲ್ರೀ, ಇವನ ಬಗ್ಗೆ ನಂಗೆ ಒಂದಂತೂ ಗ್ಯಾರಂಟಿ ಗೊತ್ತು” ಎಂದ. ನಾನು ಲೋಟ ಪಕ್ಕಕ್ಕೆ ಸರಿಸಿ ತಟ್ಟೆಗೆ ಜಾಗ ಮಾಡಿದೆ. “ಉಪ್ಪಿಟ್ಟು ಒಂದು ಬಿಟ್ಟು ಏನಾದ್ರೂ ಕೊಡ್ರೀ. ಆ ಕಾಂಕ್ರೀಟ್ ಕಂಡ್ರೆ ಇವನಿಗೆ ಆಗಲ್ಲ.”

ಸಿದ್ರಾಮಣ್ಣ ನನ್ನ ಕಡೆ ನೋಡಿದ. ಅವನ ಕಣ್ಣಿನಲ್ಲಿ ಒಂದು ಪ್ರಶ್ನೆ ಇತ್ತು. ನಾನು ಬೋರ್ಡಿನ ಕಡೆ ಮುಖ ತಿರುಗಿಸಿದೆ. ಅದೇ ಜಜ್ಜಿದ ತಟ್ಟೆ ಬಂತು. ಉಪ್ಪಿಟ್ಟಿನ ಒಂದು ಅಗುಳೂ ತಪ್ಪಿ ಬೀಳದ ಹಾಗೆ ಯಾರೋ ಬೆರಳಿನಿಂದ ಆರಿಸಿ ತೆಗೆದದ್ದು ಅದರಲ್ಲಿ ಕಾಣುತ್ತಿತ್ತು. ನಾನು ತಟ್ಟೆಯನ್ನು ಮೇಜಿನ ನಡುವಿಗೆ ತಳ್ಳಿ ಎದ್ದು ಹೊರಗೆ ಬಂದೆ. ಹಿಂದಿನಿಂದ ಮೌಳಿ, “ಹೊಟ್ಟೆ ಸರಿ ಇಲ್ವೇನೋ ಇವನಿಗೆ?” ಎನ್ನುವುದು ಕೇಳಿಸಿತು.

ಆ ಊರಿನ ಪ್ರತಿ ಹೋಟೆಲಿನ ಪಕ್ಕದಲ್ಲೂ ಒಂದು ಕಲ್ಲಿನ ಕಟ್ಟೆ ಇದೆ. ಒಂಟಿಯಾಗಿ ಬಂದವರು ಅಲ್ಲಿ ಕೂತು, ಒಬ್ಬರನ್ನೊಬ್ಬರು ಮಾತಾಡಿಸಿ, ಸ್ವಲ್ಪ ತಿಳಿದುಕೊಂಡು, ಜೋಡಿಯಾಗಿ ಒಳಗೆ ಹೋಗುತ್ತಾರೆ. ತಿಂಡಿಯ ಮಾತೆತ್ತುವಂತಿಲ್ಲ. ಬೇರೆ ಏನು ಬೇಕಾದರೂ ಕೇಳಬಹುದು. ನಾನು ಎರಡು ಬೀದಿ ದಾಟಿ ಅಂಥದೊಂದು ಕಟ್ಟೆಯ ಮೇಲೆ ಕೂತೆ. ಅಲ್ಲಿ ಬಳೆಯ ಮಲಾರ ಕಾಲ ಬಳಿ ಇಟ್ಟುಕೊಂಡ ಹಿರಿಯ ಹೆಂಗಸೊಬ್ಬಳು ಕೂತಿದ್ದಳು. ನೀಲಗಂಗವ್ವ ಎಂದು ತಾನೇ ಹೆಸರು ಹೇಳಿದಳು. ಅವಳಿಗೂ ತಿಂಡಿಯಾಗಬೇಕಿತ್ತು.

“ಆಕಾಶ ಕಪ್ಪಾತಂದ್ರ ಅಂಗಳದಾಗಿಂದು ಮೊದಲ ಏನ ಒಳಗ ತರ್ತೀರಿ?” ಎಂದು ಕೇಳಿದಳು.

“ಹಾಗೇನಿಲ್ಲ” ಎಂದೆ.

“ಚಪ್ಪಲಿ ಕಳದ್ರ ಯಾರನ್ನ ಬೈತೀರಿ?”

“ಯಾರನ್ನೂ ಬೈಯಲ್ಲ.”

“ಯಾರರ ನಿಮ್ಮ ಕಾಲು ತುಳದ್ರ?”

“ಸುಮ್ನಿರ್ತೀನಿ.”

ಅವಳು ಮಲಾರದ ಗಂಟು ಬಿಗಿದಳು. “ತಮ್ಮಾ, ಗ್ವಾಡಿಗೆ ಕೇಳಿದ್ರೂ ಸುಣ್ಣಾ ಉದುರಸ್ತೈತಿ. ನೀ ಅಷ್ಟೂ ಇಲ್ಲ. ನಿನಗ ನಾ ಏನಂತ ಹೇಳ್ಲಿ?”

“ಏನಾದ್ರೂ...” ಎಂದುಬಿಟ್ಟೆ. ಬಾಯಿ ತಪ್ಪಿ ಬಂದ ಮಾತು. ಅವಳು ಮಲಾರ ಎತ್ತಿಕೊಂಡು ಎದ್ದಳು. “ಛೀ, ಆ ಮಾತ ಆಡಬ್ಯಾಡ. ಇನ್ನೊಬ್ಬರಿಗೆ ಅದನ್ನ ಹೇಳಿದ್ರ ಮರ್ಯಾದಿ ಕಳದಂಗ. ತನಗ ತಾನs ಹೇಳ್ಕೊಳ್ಳಾವನ್ನ ನಾ ಇವತ್ತs ನೋಡಿದ್ದು.” ಬೇರೆ ಯಾರನ್ನೋ ಹುಡುಕಿಕೊಂಡು ಹೋದಳು.

ನನಗೆ ಅವಳ ಮೇಲೂ ಕೆಂಡದಂಥ ಸಿಟ್ಟು ಬಂತು. ಅವಳು ಯಾರು ನನಗೆ ಬುದ್ಧಿ ಹೇಳಲು? ಹತ್ತು ನಿಮಿಷ ಪಕ್ಕ ಕೂತವಳು! ಹಸಿದ ಹೊಟ್ಟೆಯಲ್ಲಿ ಊರು ಸುತ್ತಿದೆ. ಬೇಕರಿಯಲ್ಲಿ ಬಿಸ್ಕತ್ತು ಕೇಳಿದರೆ ಅಲ್ಲೂ ಅದೇ ಕಟ್ಟು. ಬಾಳೆಹಣ್ಣು ಸಿಕ್ಕಿತು. ಹಣ್ಣಿಗೆ ಉಪ್ಪು ಬೇಡವಲ್ಲ. ವಸತಿಗೃಹಕ್ಕೆ ಮರಳಿದಾಗ ಮೂವರೂ ಇಸ್ಪೀಟು ಹಾಕಿಕೊಂಡು ಕೂತಿದ್ದರು. “ಮುನಿಸಿಕೊಂಡ ಮುನಿ ಬಂದ” ಎಂದ ಮೌಳಿ. ಯಶೋಧರೆ ನನಗೂ ಎಲೆ ಹಂಚಿದಳು. ಎಲ್ಲಿಗೆ ಹೋಗಿದ್ದೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿರಲಿಲ್ಲ, ನಿಜ. ಕೇಳಬೇಕಿತ್ತು.

ಮೂರನೆಯ ಬೆಳಿಗ್ಗೆ ನಾವು ಊರು ಬಿಡುವವರಿದ್ದೆವು. ಹೋಟೆಲಿನಲ್ಲಿ ಕೂರುತ್ತಲೇ ನಾನು, “ಇವತ್ತು ಮೂವರಿಗೂ ನಾನೇ ಹೇಳ್ತೀನಿ” ಎಂದೆ. “ಅಬ್ಬಾ, ಮುನಿ ಬಾಯಿ ಬಿಟ್ಟ!” ಎಂದು ಮೌಳಿ ಮೇಜು ಕುಟ್ಟಿದ. ನಾನು ಅದಕ್ಕೆ ನಗಲಿಲ್ಲ. ರಾತ್ರಿಯೆಲ್ಲ ಮನಸ್ಸಿನಲ್ಲೇ ಮಸೆದಿಟ್ಟುಕೊಂಡದ್ದನ್ನು ಹೊರಗೆ ತೆಗೆಯುವವನಿದ್ದೆ. ನೋಡುವುದು ಎಂದರೆ ಏನು ಎಂದು ಇವರಿಗೆ ತೋರಿಸಬೇಕಿತ್ತು.

“ಫಣಿಗೆ ಒಂದೇ ಒಂದು ಇಡ್ಲಿ” ಎಂದೆ ಸಿದ್ರಾಮಣ್ಣನಿಗೆ. “ಅದನ್ನು ತಿಂದು ಮುಗಿಸಿದ ಮೇಲೆ ಇನ್ನೊಂದು. ಆಮೇಲೆ ಇನ್ನೊಂದು. ಒಟ್ಟಿಗೆ ತರಬೇಡಿ. ಏಳು ಮಕ್ಕಳ ಮನೆಯಲ್ಲಿ ಬೆಳೆದವನು. ತಟ್ಟೆ ತುಂಬ ಇದ್ದರೆ ಯಾರಾದರೂ ಕೈ ಹಾಕಿಯಾರು ಎಂದು ಬಿಸಿಬಿಸಿಯನ್ನೇ ನುಂಗಿ ನಾಲಿಗೆ ಸುಟ್ಟುಕೊಳ್ಳುತ್ತಾನೆ. ಇನ್ನೂ ಇದೆ, ಬರುತ್ತದೆ ಎಂದು ಅವನಿಗೆ ಗೊತ್ತಾಗಲಿ.” ಫಣಿ ನನ್ನನ್ನು ನೋಡಿದ.

“ಯಶೋಗೆ ಮಸಾಲೆ ದೋಸೆ, ಪಲ್ಯ ಬೇರೆ ಬಟ್ಟಲಲ್ಲಿ. ಮೊದಲು ಪಲ್ಯ ಖಾಲಿ ಮಾಡಿ, ಆಮೇಲೆ ಬರೀ ದೋಸೆ ತಿನ್ನೋದು ಅವಳಿಗೆ ಇಷ್ಟ. ಅಂಚು ಗರಿಗರಿಯಾಗಿರಲಿ. ಆ ಅಂಚನ್ನು ಮುರಿದು ಹೊಟ್ಟೆ ತುಂಬಿತು ಅಂತ ಫಣಿಗೆ ಕೊಡ್ತಾಳೆ. ಹೊಟ್ಟೆ ತುಂಬಿರಲ್ಲ. ಇವತ್ತು ಅವಳೇ ತಿನ್ನಲಿ.”

“ಮೌಳಿಗೆ...” ಅವನು ನಗುತ್ತಲೇ ಇದ್ದ. “ಮೌಳಿಗೆ ಮೊಸರವಲಕ್ಕಿ. ಒಗ್ಗರಣೆ ಹಾಕಬೇಡಿ. ತಣ್ಣಗಿರಲಿ. ಐದು ವರ್ಷದಿಂದ ಅವನಿಗೆ ಖಾರ ಆಗಲ್ಲ. ನಮ್ಮೆದುರು ಬಜ್ಜಿ ತಿಂದು, ಕೈ ತೊಳೀತೀನಿ ಅಂತ ಹೋಗಿ, ಗೋಡೆಗೆ ಒರಗಿ ಹೊಟ್ಟೆ ಹಿಡ್ಕೊಂಡು ಬಿಳಿ ಮಾತ್ರೆ ಅಗೀತಾನೆ.”

ತಿಂಡಿ ಬಂತು. ಯಶೋಧರೆ ದೋಸೆಯ ಅಂಚು ಮುರಿದು, ಅಭ್ಯಾಸ ಬಲದಿಂದ ಪಕ್ಕಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ತಂದು, ತಾನೇ ಬಾಯಿಗಿಟ್ಟುಕೊಂಡಳು. ಅವಳ ಕಣ್ಣು ತುಂಬಿತು. ಫಣಿ ಮೊದಲ ಇಡ್ಲಿ ಮುಗಿಸಿ, ಎರಡನೆಯದಕ್ಕೆ ಕಾಯುತ್ತ, ಕೈ ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದ. ನಾನು ಗೆದ್ದಿದ್ದೆ. ಆ ಮೌನವನ್ನು ಆಸ್ವಾದಿಸುತ್ತಿದ್ದೆ ಎಂದರೂ ಸುಳ್ಳಲ್ಲ.

ಮೌಳಿ ಎರಡು ಚಮಚ ತಿಂದ. ಮೂರನೆಯದನ್ನು ಬಟ್ಟಲಿಗೇ ಬಿಟ್ಟ. “ಐದು ವರ್ಷ ಅಂದ್ಯಾ?” ಎಂದ. ಧ್ವನಿ ತಗ್ಗಿತ್ತು. ಅವನ ಧ್ವನಿ ತಗ್ಗಿದ್ದನ್ನು ನಾನು ಹಿಂದೆ ಕೇಳಿಯೇ ಇರಲಿಲ್ಲ.

“ಹೌದು.”

“ಹೋದ ವರ್ಷ ನಾನು ರಕ್ತ ಕಾರ್ಕೊಂಡು ಬಿದ್ದೆ. ಅದಕ್ಕೆ ನಾಲ್ಕು ವರ್ಷ ಮುಂಚೇನೇ ನಿಂಗೆ ಗೊತ್ತಿತ್ತು.”

ನಾನು ಫಣಿಯ ಖಾಲಿ ತಟ್ಟೆಯ ಕಡೆ ನೋಡಿದೆ.

“ಹತ್ತು ದಿನ ಆಸ್ಪತ್ರೇಲಿ ನನ್ನ ಮಂಚದ ಪಕ್ಕ ಕೂತಿದ್ಯಲ್ಲೋ. ಒಂದ್ ಮಾತೂ ಆಡದೆ. ಮುನಿಯಂಥ ಸ್ನೇಹಿತ ಯಾರಿಗಿದಾನೆ ಅಂತ ನರ್ಸುಗಳ ಹತ್ರ ಎಲ್ಲ ಹೇಳ್ಕೊಂಡೆ. ಒಂದಿನ, ಒಂದೇ ಒಂದಿನ, ‘ಲೋ ಮೌಳಿ, ಬಿಡೋ ಆ ಬಜ್ಜಿ’ ಅಂದಿದ್ಯಾ?”

“ನೋಡಿದ್ದು ತಪ್ಪಾ?” ನನ್ನ ಗಂಟಲು ನನಗೇ ಗುರುತು ಸಿಗದಷ್ಟು ಏರಿತ್ತು. ಅಣ್ಣ ತಮ್ಮಂದಿರು ಇಬ್ಬರೂ ಒಟ್ಟಿಗೆ ತಿರುಗಿ ನೋಡಿದರು. “ನಾನೊಬ್ಬನಾದ್ರೂ ನೋಡಿದೆ! ನೀವು ಯಾರೂ ನನ್ನ ಕಡೆ ನೋಡೇ ಇಲ್ಲ. ಇಷ್ಟು ವರ್ಷ ಜೊತೆಗಿದ್ದೂ ನನಗೆ ‘ಏನಾದ್ರೂ’ ಅಂದವನು ನೀನು!”

“ಹೂಂ ಅಂದೆ! ನಂಗೆ ಗೊತ್ತಿರಲಿಲ್ಲ, ಅಂದುಬಿಟ್ಟೆ. ನಿಂಗೆ ಗೊತ್ತಿತ್ತು, ಅನ್ನಲಿಲ್ಲ. ಯಾವುದೋ ದೊಡ್ಡ ತಪ್ಪು? ಹೇಳು, ಯಾವುದು?”

ಹೇಳು. ನಾನು ಹೇಳಿದ್ದರೆ ಅವನು ಕೇಳುತ್ತಿದ್ದನೇ? ನಕ್ಕುಬಿಡುತ್ತಿದ್ದ. ಆದರೆ ನಾನು ಹೇಳದೆ ಇದ್ದದ್ದು ಅವನು ನಗುತ್ತಾನೆಂದಲ್ಲ. ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬುದು ನನಗೆ ರುಚಿಸಿತ್ತು. ಈ ಒಂದು ವಾಕ್ಯ ಬರೆಯುವುದಕ್ಕೆ ನನಗೆ ಎರಡು ದಿನ ಬೇಕಾಯಿತು.

ಸಿದ್ರಾಮಣ್ಣ ಜಗಳಗಳನ್ನು ಬಹಳ ಕಂಡವನು. ಫಣಿಯ ಮುಂದೆ ಎರಡನೆಯ ಇಡ್ಲಿ ಇಟ್ಟು, “ಇವರದು ಹಂಗs ಉಳೀತು. ಯಾರು ಹೇಳ್ತೀರಿ?” ಎಂದ.

ಯಶೋಧರೆ ಫಣಿಯ ಕಡೆ ನೋಡಿದಳು, ಫಣಿ ಮೌಳಿಯ ಕಡೆ. ಮೌಳಿ ಕಣ್ಣು ಉಜ್ಜಿಕೊಂಡ. “ಗೊತ್ತಿಲ್ಲ ರೀ.”

“ಗೊತ್ತಿಲ್ಲ ಅಂತs ಹೇಳ್ಲ್ಯಾ ಒಳಗ?”

“ಹೇಳಿ. ಇವನಿಗೆ ಏನು ಬೇಕು ಅಂತ ನಮಗೆ ಮೂವರಿಗೂ ಗೊತ್ತಿಲ್ಲ.”

ಮೂರು ದಿನದಲ್ಲಿ ಮೊದಲ ಸಲ ಸಿದ್ರಾಮಣ್ಣನ ಮುಖದಲ್ಲಿ ನಗು ಕಂಡೆ. “ಒಂದ್ ಗೊತ್ತಿಲ್ಲ!” ಎಂದು ಕೂಗಿದ. ಈ ಸಲ ಒಳಗೆ ಸೌಟಿನ ಸದ್ದು ನಿಲ್ಲಲಿಲ್ಲ, ಜೋರಾಯಿತು. ಬಂದದ್ದು ಅಗಲವಾದ ಹಿತ್ತಾಳೆಯ ತಾಟು. ಅದರ ತುಂಬ ಚಿಕ್ಕ ಚಿಕ್ಕ ಬಟ್ಟಲು, ಒಂದೊಂದರಲ್ಲೂ ಆಗತಾನೇ ಒಲೆಯಿಂದ ಇಳಿದ ಒಂದೊಂದು ತುತ್ತು: ಪೊಂಗಲ್, ಅವಲಕ್ಕಿ, ಕೇಸರಿಬಾತ್, ವಡೆ, ಪೂರಿಯ ಚೂರು, ಚಿತ್ರಾನ್ನ, ಶಾವಿಗೆ, ಮೂಲೆಯಲ್ಲಿ ಉಪ್ಪಿಟ್ಟು. “ಇದು ಹೊಟ್ಟಿ ತುಂಬಾಕ ಅಲ್ಲ” ಎಂದ ಸಿದ್ರಾಮಣ್ಣ. “ತಿನ್ನಾವ್ರು ಅವರು. ನೋಡಾವ್ರು ನೀವು.”

ಮೂವರೂ ನನ್ನ ಕೈಯನ್ನೇ ನೋಡತೊಡಗಿದರು. ಫಣಿಯ ಮುಂದೆ ಇಡ್ಲಿ ಹಬೆಯಾಡುತ್ತಿತ್ತು, ಅವನೂ ಅದನ್ನು ಬಿಟ್ಟು ತಲೆ ಎತ್ತಿ ನೋಡುತ್ತಿದ್ದ. ನೋಡಲಿ ಎಂದು ಹನ್ನೊಂದು ವರ್ಷ ಕಾದವನಿಗೆ, ನೋಡುತ್ತಾರೆ ಎಂದ ಕೂಡಲೇ ಕೈಯನ್ನು ಮೇಜಿನ ಕೆಳಗೆ ಬಚ್ಚಿಡಬೇಕು ಅನ್ನಿಸಿತು. ಕೇಸರಿಬಾತಿಗೆ ಕೈ ಹಾಕಿ ಇವರಿಗೆ ಮೋಸ ಮಾಡಿಬಿಡಲೇ ಎಂದೂ ಯೋಚಿಸಿದೆ. ಕೈ ಆ ಕಡೆ ಹೊರಟೂಬಿಟ್ಟಿತ್ತು. ಆದರೆ ಹೊಟ್ಟೆ ಹಸಿದಿತ್ತು. ಉಪ್ಪಿಟ್ಟಿನ ಬಟ್ಟಲಿನಲ್ಲಿ, ಒಳಗಿನ ಆ ಕಾಣದ ಅಡುಗೆಯವನು ಏನನ್ನು ಅರಿತು ಹಾಕಿದ್ದನೋ, ತಳ ಹತ್ತಿದ ಕೆಂಪು ಚೂರೊಂದು ಮೇಲೆಯೇ ಕಾಣುತ್ತಿತ್ತು. ಬೆರಳು ನನ್ನ ಮಾತು ಕೇಳಲಿಲ್ಲ. ಕೇಸರಿಬಾತನ್ನು ದಾಟಿ ಹೋಗಿ ಆ ಚೂರನ್ನೇ ಹೆಕ್ಕಿತು.

“ಉಪ್ಪಿಟ್ಟು” ಎಂದ ಫಣಿ, ಶಾಸನದ ಅಕ್ಷರ ಬಿಡಿಸಿದವನ ಹಾಗೆ, ಮೆಲ್ಲಗೆ.

“ಉಪ್ಪಿಟ್ಟಾ?” ಮೌಳಿ ಎದ್ದು ನಿಂತ. “ಥೂ ನಿನ್ನ! ಉಪ್ಪಿಟ್ಟೇನೋ? ಪ್ರತಿ ಮಂಗಳವಾರ ನಮ್ಮ ಜೊತೆ ಕೂತು ಅದನ್ನ ಬೈದ್ಯಲ್ಲೋ! ಬೈದು ಬೈದು ಎದ್ದು ಬಂದ್ಯಲ್ಲೋ ಹಸ್ಕೊಂಡು! ನಿಂಗೇನಾಗಿತ್ತೋ ರೋಗ, ಬಾಯಿ ಬಿಡೋದಕ್ಕೆ?” ಹೋಟೆಲಿನವರೆಲ್ಲ ನೋಡುತ್ತಿದ್ದರು. ಅವನು ಅದೇ ಸಿಟ್ಟಿನಲ್ಲಿ, ಅದೇ ಏರಿದ ಗಂಟಲಿನಲ್ಲಿ ಸಿದ್ರಾಮಣ್ಣನ ಕಡೆ ತಿರುಗಿದ: “ರೀ, ಇವನಿಗೆ ಒಂದು ಪ್ಲೇಟ್ ಉಪ್ಪಿಟ್ಟು! ತಳ ಹತ್ತಿದ್ದು ಎಷ್ಟಿದೆಯೋ ಅಷ್ಟೂ ಕೆರೆದು ಹಾಕಿ ತನ್ನಿ!”

ತಟ್ಟೆ ಬಂತು. ಜಜ್ಜಿದ್ದಲ್ಲ, ಎಲ್ಲರಿಗೂ ಕೊಡುವ ಸ್ಟೀಲಿನದು. ನನಗೆ ಮೌಳಿಯ ಮೇಲೆ ಇನ್ನೂ ಸಿಟ್ಟಿತ್ತು, ಈಗಲೂ ಇದೆ. ಅವನಿಗೂ ನನ್ನ ಮೇಲೆ ಇದೆ. ಫೋನು ಮಾಡಿದಾಗ ಅವನ ‘ಹಲೋ’ದಲ್ಲೇ ಅದು ಕೇಳಿಸುತ್ತದೆ. ಅವತ್ತು ಅವನು ಧಡಾರನೆ ಕುರ್ಚಿ ಎಳೆದು ಕೂತು, ಮೊಸರವಲಕ್ಕಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, ತಿನ್ನದೆ, ನಾನು ಮೊದಲ ತುತ್ತು ಬಾಯಿಗಿಡುವುದನ್ನೇ ಗುರಾಯಿಸುತ್ತ ನೋಡಿದ.

“ಉಪ್ಪು?” ಎಂದು ಕೇಳಿದ.

‘ಸರಿಯಾಗಿದೆ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ಯಾವಾಗಲೂ ಅಲ್ಲೇ ಇರುತ್ತದೆ. ಅದನ್ನು ತುತ್ತಿನ ಜೊತೆ ನುಂಗಿದೆ.

“ಒಂಚೂರು ಕಮ್ಮಿ” ಎಂದೆ.